ನಮ್ಮ ಮನೆಯ ನಳದ ನೀರು



ಪುಣೆಯ ನೀರು ಬಲು ಸಿಹಿಯೆಂದು ಊರಿಗೆ ಹೊಗಳಿ ಬರೆಯುವವರು ನಾವು. ಆದರೆ 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯತ್ತಣ ನಾಂದೇಡ (ಮರಾಠವಾಡದ ನಾಂದೇಡವಲ್ಲ, ಖಡಕವಾಸಲೆಯ ಬಳಿಯ ಹಳ್ಳಿ), ಕಿರ್ಕಟವಾಡಿ, ಧಾಯರಿಗಳಲ್ಲಿ ಜಿ.ಬಿ.ಎಸ್. ಎಂಬ ನರರೋಗ ಹಬ್ಬಿತು. ಮೊದಲು ವಾಂತಿ ಭೇದಿ. ಅದು ನಿಂತಿತೆನ್ನುವಷ್ಟರಲ್ಲಿ ಕೈಕಾಲು ಸೋಲುವುದು. ಕೆಲವರಿಗೆ ಉಸಿರಾಟಕ್ಕೂ ಯಂತ್ರ ಬೇಕಾಯಿತು. ಕೆಲವರು ತೀರಿಯೂ ಹೋದರು. ಹಲವು ರೋಗಿಗಳ ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಸಿಕ್ಕಿತು. ಅದರೊಡನೆ ಹೋರಾಡಲು ಹೊರಟ ದೇಹಶಕ್ತಿಯೇ ದಾರಿ ತಪ್ಪಿ ನರಗಳ ಮೇಲೆ ಬೀಳುತ್ತದೆಯಂತೆ!

ನಾಂದೇಡ ಹಳ್ಳಿ 2021ರಲ್ಲೇ ಪಾಲಿಕೆಗೆ ಸೇರಿತ್ತು. ಆದರೂ ದೊಡ್ಡ ಬಾವಿಯೊಂದರ ನೀರು, ಶುದ್ಧೀಕರಣ ಕೇಂದ್ರವನ್ನು ಕಾಣದೆ, ಕ್ಲೋರೀನನ್ನಷ್ಟೇ ಬೆರೆಸಿಕೊಂಡು ಆ ಭಾಗದ ನಳಗಳಿಗೆ ಬರುತ್ತಿತ್ತು. ಶಂಕೆ ಆ ನೀರಿನ ಮೇಲೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಅಗ್ಗದ ಬಾಡಿಗೆಗೆಂದು ನಮ್ಮವರು ಮನೆ ಹುಡುಕುವುದೂ ಇಂಥ ಅಂಚಿನ ಬಡಾವಣೆಗಳಲ್ಲೇ.

ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರೀನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಅದನ್ನು ನೋಡುವ ಪುಟ್ಟ ಪೆಟ್ಟಿಗೆ ಪೇಟೆಯಲ್ಲಿ ದೊರೆಯುತ್ತದೆ; ಹನಿ ಹಾಕಿದರೆ ನೀರು ಹಳದಿಗೆ ತಿರುಗಬೇಕು. ಸಂಘವೇ ಒಂದನ್ನು ಕೊಂಡು ಸದಸ್ಯರ ಮನೆಗಳಲ್ಲಿ ತಿಂಗಳಿಗೊಮ್ಮೆ ನೋಡಬಾರದೇಕೆ? ಬಣ್ಣ ಬಾರದಿದ್ದರೆ ವಾರ್ಡ್ ಕಚೇರಿಗೆ ಲಿಖಿತ ದೂರು ಕೊಡೋಣ. ಅಲ್ಲಿಯವರೆಗೆ ಕುದಿಸಿಯೇ ಕುಡಿಯೋಣ. ಪೆಟ್ಟಿಗೆಯ ವಂತಿಗೆಗೆ ನನ್ನ ಹೆಸರನ್ನು ಇಂದೇ ಬರೆದುಕೊಳ್ಳಿ.