ಕೆಳಹೊಟ್ಟೆಯ ಭಾರ: ಹೇಳಿಕೊಳ್ಳಲು ನಾಚಿಕೆ ಯಾಕೆ?

(ಆಂಟಾಪ್ ಹಿಲ್‌ನಲ್ಲಿ ನಡೆದ ಮಹಿಳಾ ವೇದಿಕೆಯ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರ್ ಅಲ್ಲ. ಮುಂಬಯಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ 30 ವರ್ಷ ದುಡಿದು ನಿವೃತ್ತಳಾದ ನರ್ಸ್. ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಇಲ್ಲೇ ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸ್‌ನಲ್ಲಿ ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಕುಂದಾಪುರ ಕಡೆಯಿಂದ ಬಂದು ನಮ್ಮೊಂದಿಗಿದ್ದ ಅತ್ತೆಯವರು ಆರು ಮಕ್ಕಳನ್ನು ಹೆತ್ತವರು. ಮೊದಲು ಭಜನೆಗೆ ಹೋಗುವುದನ್ನು ಬಿಟ್ಟರು, ಆಮೇಲೆ ಮದುವೆಮನೆಗೆ. ಕೇಳಿದರೆ "ಕಾಲು ನೋವು ಮಗಾ" ಎನ್ನುತ್ತಿದ್ದರು. ಒಂದು ದಿನ ಅವರ ಹಾಸಿಗೆಯ ಕೆಳಗೆ ಮಡಚಿಟ್ಟ ಹಳೆ ಸೀರೆಯ ತುಂಡುಗಳು ಕಂಡವು. ಬಾಗಿಲು ಹಾಕಿ ಕೇಳಿದೆ. "ಕೆಳಗೆ ಏನೋ ಜಾರಿ ಬಂದ ಹಾಗೆ ಆಗುತ್ತದೆ. ಕೆಮ್ಮಿದರೆ ಮೂತ್ರ ಹೋಗುತ್ತದೆ. ಏಳು ವರ್ಷ ಆಯಿತು" ಎಂದು ಅತ್ತುಬಿಟ್ಟರು. ದಿನಾ ಪರರ ಮನೆಯ ಹೆಂಗಸರನ್ನು ವಿಚಾರಿಸುತ್ತಿದ್ದ ನಾನು ನಮ್ಮ ಮನೆಯವರನ್ನು ಕೇಳಿರಲಿಲ್ಲ.

ಅತ್ತೆಯವರಿಗೆ ಆಗಿದ್ದು ಗರ್ಭಕೋಶ ಜಾರುವಿಕೆ. ನಮ್ಮ ಮರಾಠಿ ನೆರೆಯವರು 'ಅಂಗ್ ಬಾಹೇರ್ ಯೇಣೆ' ಎನ್ನುವುದು ಇದಕ್ಕೇ. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಗರ್ಭಕೋಶ, ಮೂತ್ರಕೋಶ, ಗುದನಾಳಗಳನ್ನು ಜೋಳಿಗೆಯಂತೆ ಹೊತ್ತುಕೊಂಡಿವೆ. ಹೆರಿಗೆಗಳಿಂದ, ಮುಟ್ಟು ನಿಂತ ಮೇಲೆ, ಹಳೆಯ ಕೆಮ್ಮು, ಮಲಬದ್ಧತೆ, ಭಾರ ಎತ್ತುವುದು, ಅತಿಯಾದ ತೂಕ ಇವುಗಳಿಂದ ಆ ಜೋಳಿಗೆ ಸಡಿಲವಾಗುತ್ತದೆ. ಸಂಜೆಯಾದಂತೆ ಭಾರ ಹೆಚ್ಚು, ಮಲಗಿದರೆ ಹಗುರ. ಇದು ಅದರ ಗುರುತು.

ಆದರೆ ಎಲ್ಲ ಭಾರವೂ ಇದೇ ಅಲ್ಲ. ಫೈಬ್ರಾಯ್ಡ್ ಗಡ್ಡೆ ದೊಡ್ಡದಾದರೆ ಒತ್ತುತ್ತದೆ, ಮುಟ್ಟಿನಲ್ಲಿ ಸ್ರಾವ ಹೆಚ್ಚಬಹುದು. ಅದು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಅವಸರ ಇದ್ದರೆ ಸೋಂಕು ಇರಬಹುದು. ಮಲಬದ್ಧತೆಯಿಂದಲೂ, ಅಂಡಾಶಯದ ನೀರುಗುಳ್ಳೆಯಿಂದಲೂ ಭಾರ ಎನಿಸುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ವಾರಗಟ್ಟಲೆ ಹೊಟ್ಟೆ ಉಬ್ಬಿಕೊಂಡು ಎರಡು ತುತ್ತಿಗೇ ಸಾಕೆನಿಸಿದರೆ ತಡಮಾಡಬೇಡಿ. ಜ್ವರದೊಂದಿಗೆ ನೋವು ಬಂದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಮಗೆ ಸಾಯನ್, ಪರೇಲ್ ದೂರವೇನಲ್ಲ.

ಜಾರಿದ್ದಕ್ಕೆಲ್ಲ ಗರ್ಭಕೋಶ ತೆಗೆಯಲೇಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಇದೇ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ವಿ.ಎನ್. ಶಿರೋಡ್ಕರ್ ಅವರು ಗರ್ಭಕೋಶವನ್ನು ಉಳಿಸಿಕೊಂಡೇ ಮೇಲಕ್ಕೆ ಕಟ್ಟುವ ಶಸ್ತ್ರಚಿಕಿತ್ಸೆ ರೂಪಿಸಿ ಹೆಸರಾದರು. ಒಳಗೆ ಇಡುವ ರಿಂಗ್ ಇದೆ. ಆರಂಭದಲ್ಲಾದರೆ ವ್ಯಾಯಾಮವೇ ಎಷ್ಟೋ ನೆರವಾಗುತ್ತದೆ. ಅಮೆರಿಕದ ಡಾ. ಕೆಗೆಲ್ 1948ರಲ್ಲಿ ಬರೆದು ತಿಳಿಸಿದ್ದು ಅದನ್ನು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿಯಿರಿ, ಐದು ಎಣಿಸುವವರೆಗೆ ಸಡಿಲಬಿಡಿ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ, ಮೂತ್ರ ಮಾಡುವಾಗ ಮಾಡಬೇಡಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ನೋವೇ ಮುಖ್ಯವಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಅತ್ತೆಯವರಿಗೆ ಆಪರೇಷನ್ ಬೇಡವೆನಿಸಿತು, ರಿಂಗ್ ಹಾಕಿಸಿದೆವು. ಆಗಾಗ ತೋರಿಸಿಕೊಂಡು ಬರುತ್ತಿದ್ದೆವು. ಆ ವರ್ಷದ ನವರಾತ್ರಿಗೆ ಮೂರು ಮಹಡಿ ಇಳಿದು ಭಜನೆಗೆ ಬಂದರು. ಮರಳುವಾಗ "ಮೊದಲೇ ಹೇಳಬೇಕಿತ್ತು" ಎಂದರು. "ನಾನು ಮೊದಲೇ ಕೇಳಬೇಕಿತ್ತು" ಎಂದೆ.

ಸೋದರಿಯರೇ, ಇವತ್ತು ಮನೆಗೆ ಹೋದ ಮೇಲೆ ಅಮ್ಮನನ್ನೋ ಅತ್ತೆಯನ್ನೋ ಬದಿಗೆ ಕೂರಿಸಿ ಒಂದು ಮಾತು ಕೇಳಿ. ನಿಮಗೇ ತೊಂದರೆ ಇದ್ದರೆ ನೀವೇ ಬಾಯಿಬಿಡಿ.