ವಾಡಿಕೆ ಮಳೆ ಮತ್ತು ಹಸಿರಿನ ಲೆಕ್ಕ

ಈ ವರ್ಷ ವಾಡಿಕೆಯಷ್ಟು ಮಳೆಯಾಗಿದೆ ಎಂದು ಹವಾಮಾನ ವರದಿ ಹೇಳಿದರೆ ನಮ್ಮ ಬಯಲುಸೀಮೆಯ ರೈತರಿಗೆ ಅಷ್ಟಕ್ಕೇ ಸಮಾಧಾನವಾಗುವುದಿಲ್ಲ. ಭರಣಿ ಹೇಗಿತ್ತು, ಆರಿದ್ರೆ ಕೈಕೊಟ್ಟಿತೇ, ತೆನೆ ಕಟ್ಟುವ ಹೊತ್ತಿಗೆ ಒಂದು ಹದ ಮಳೆ ಬಂತೇ ಎಂದು ಕೇಳುತ್ತಾರೆ. ಗಿಡಮರಗಳು ಗಾಳಿಯಿಂದ ಹೀರಿಕೊಳ್ಳುವ ಇಂಗಾಲದ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ ಎನ್ನುವುದು ನನ್ನ ವಾದ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ನೆಲದ ಹಸಿರು ಮತ್ತು ಮಣ್ಣು ಹಿಡಿದಿಡುತ್ತವೆ ಎನ್ನುತ್ತಾರೆ. ನಿಜ, ಆದರೆ ಅದು ಹಲವು ವರ್ಷಗಳ ಸರಾಸರಿ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಶುರುವಾದ ಅಳತೆಯನ್ನು ನೋಡಿ: ಈ ಅನಿಲ ಏರುವ ವೇಗ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇಲ್ಲ. ನಾವು ಸುಡುವ ಕಲ್ಲಿದ್ದಲು, ಪೆಟ್ರೋಲು ಅಷ್ಟೊಂದು ಏರಿಳಿಯುವುದಿಲ್ಲ. ಏರುಪೇರು ಬಹುಪಾಲು ಬರುವುದು ನೆಲದ ಹಸಿರಿನಿಂದ.

ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಇಂಗಾಲ ಒಳಗೆ ಬರುವ ಬಾಗಿಲೂ ಅದೇ, ನೀರು ಹೊರಗೆ ಹೋಗುವ ಬಾಗಿಲೂ ಅದೇ. ಮಣ್ಣು ಒಣಗಿ ಗಾಳಿ ಕಾದರೆ ಗಿಡ ಅದನ್ನು ಮುಚ್ಚಿಕೊಳ್ಳುತ್ತದೆ; ಊಟ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಹಾಗಾಗಿ ಎಷ್ಟು ಮಳೆ ಎನ್ನುವಷ್ಟೇ ಮುಖ್ಯ, ಎಷ್ಟು ದಿನ ಬಿಟ್ಟು ಮಳೆ ಎನ್ನುವುದು. ಅಮೆರಿಕದ ಕಾನ್ಸಾಸ್‌ನಲ್ಲಿರುವ ಕೋಂಜಾ ಹುಲ್ಲುಗಾವಲಿನಲ್ಲಿ ವಿಜ್ಞಾನಿಗಳು ಹುಲ್ಲಿನ ಮೇಲೆ ಸೂರು ಕಟ್ಟಿ, ಬಿದ್ದ ಮಳೆಯನ್ನೆಲ್ಲ ಹಿಡಿದಿಟ್ಟು, ಒಂದು ಹನಿಯನ್ನೂ ಕಳೆಯದೆ, ಮಳೆಗಳ ನಡುವಿನ ಬಿಡುವನ್ನು ಮಾತ್ರ ಅರ್ಧದಷ್ಟು ಹೆಚ್ಚಿಸಿ ಹನಿಸಿದರು. ಹುಲ್ಲಿನ ಬೆಳವಣಿಗೆ ಕುಗ್ಗಿತು. ಇದಕ್ಕಿಂತ ಕುತೂಹಲದ್ದು ಕೊಲರಾಡೋದ ಇನ್ನೂ ಒಣ ಬಯಲಿನ ಫಲಿತಾಂಶ. ಅಲ್ಲಿ ಮಳೆಯನ್ನು ಹೀಗೆಯೇ ಕೆಲವೇ ದೊಡ್ಡ ಮಳೆಗಳಾಗಿ ಸುರಿಸಿದಾಗ ಬೆಳವಣಿಗೆ ಹೆಚ್ಚಿತು! ತುಂತುರು ಮೇಲ್ಮಣ್ಣಿನಲ್ಲೇ ಆವಿಯಾಗಿ ಹೋಗುತ್ತಿದ್ದ ಕಡೆ ದೊಡ್ಡ ಮಳೆ ಬೇರಿನವರೆಗೆ ಇಳಿದಿತ್ತು. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಮತ್ತೊಂದು ವಿಚಿತ್ರ ನಡೆಯುತ್ತದೆ. ಹುಲ್ಲು ಚಿಗುರುವ ಮೊದಲೇ ಮಣ್ಣಿನ ಸೂಕ್ಷ್ಮಜೀವಿಗಳು ಎಚ್ಚೆತ್ತು, ಕೆಲವೇ ಗಂಟೆಗಳಲ್ಲಿ ಇಂಗಾಲವನ್ನು ಭರಭರನೆ ಗಾಳಿಗೆ ಬಿಡುತ್ತವೆ. ಅಂದರೆ ಮಳೆ ಬಂದ ದಿನವೇ ನೆಲ ಕೊಡುವವರ ಸಾಲಿನಲ್ಲಿರುತ್ತದೆ.

ದೊಡ್ಡ ಭೂಭಾಗಗಳಲ್ಲೂ ಕಥೆ ಹೀಗೆಯೇ. 2010-11ರಲ್ಲಿ ಲಾ ನಿನಾ ತಂದ ಮಳೆ ನೆಲದ ಮೇಲೆ ಎಷ್ಟು ಸುರಿಯಿತೆಂದರೆ ಜಗತ್ತಿನ ಸಮುದ್ರಮಟ್ಟ ಸುಮಾರು 5 ಮಿಲಿಮೀಟರ್ ಇಳಿದಿತ್ತು. ಆ ವರ್ಷ ನೆಲ ಹೀರಿದ ಹೆಚ್ಚುವರಿ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಯಾರೂ ಲೆಕ್ಕಕ್ಕಿಟ್ಟಿರದ ಆಸ್ಟ್ರೇಲಿಯಾದ ಒಣ ಬಯಲುಗಳದ್ದು. ಯುರೋಪಿನಲ್ಲಿ 2003ರ ಬೇಸಿಗೆಯ ಬಿಸಿಲಿಗೆ ದ್ಯುತಿಸಂಶ್ಲೇಷಣೆ ಶೇ 30ರಷ್ಟು ಕುಸಿದು, ನಾಲ್ಕು ವರ್ಷ ಹಿಡಿದಿಟ್ಟಷ್ಟು ಇಂಗಾಲ ಗಾಳಿಗೆ ಮರಳಿತು. 2015-16ರ ಎಲ್ ನಿನೋದಲ್ಲಂತೂ ನೆಲದ ಇಂಗಾಲದ ನಷ್ಟಕ್ಕೆ ಮೂರು ಖಂಡಗಳಲ್ಲಿ ಮೂರು ಕಾರಣ: ದಕ್ಷಿಣ ಅಮೆರಿಕದಲ್ಲಿ ಬರ, ಆಫ್ರಿಕದಲ್ಲಿ ಬಿಸಿಗೆ ಹೆಚ್ಚಿದ ಕೊಳೆಯುವಿಕೆ, ಇಂಡೊನೇಷ್ಯದ ಕಡೆ ಬೆಂಕಿ.

ಒಳ್ಳೆಯ ವರ್ಷ, ಕೆಟ್ಟ ವರ್ಷ ಕೂಡಿ ಕಳೆದರೆ ಲೆಕ್ಕ ಸರಿಹೋಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹುಲ್ಲುಗಾವಲಿನ ಮಟ್ಟಿಗೆ ಈ ಮಾತಿನಲ್ಲಿ ತಥ್ಯವಿದೆ. ಅಲ್ಲಿ ಎಷ್ಟೋ ಸಲ ಒಳ್ಳೆಯ ವರ್ಷದ ಗಳಿಕೆ ಬರಗಾಲದ ನಷ್ಟಕ್ಕಿಂತ ದೊಡ್ಡದು. ಮರಕ್ಕೆ ಇದು ಹೊಂದುವುದಿಲ್ಲ. ಐವತ್ತು ವರ್ಷ ಬೆಳೆದ ಮರ ಒಂದು ಬರಕ್ಕೆ ಒಣಗಿದರೆ, ಮುಂದಿನ ವರ್ಷದ ಸಮೃದ್ಧ ಮಳೆ ಅದನ್ನು ನಿಲ್ಲಿಸಿಕೊಡದು. ಒಳ್ಳೆಯ ಮಳೆಗೆ ಬೆಳೆದ ಹುಲ್ಲೇ ಬೇಸಿಗೆಗೆ ಉರುವಲಾಗುವುದೂ ಉಂಟು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಒಣಹುಲ್ಲು, ಲಂಟಾನದ ಪೊದೆ ಎಂಥ ಉರುವಲು ಎನ್ನುವುದು ಕಂಡಿತು. ಇನ್ನೊಂದು ಆಕ್ಷೇಪ, ಗಾಳಿಯಲ್ಲಿ ಇಂಗಾಲ ಹೆಚ್ಚಿದರೆ ಅದೇ ಗಿಡಕ್ಕೆ ಗೊಬ್ಬರವಲ್ಲವೇ ಎಂಬುದು. ಸ್ವಲ್ಪ ಹೌದು; ರಂಧ್ರಗಳನ್ನು ಅರೆತೆರೆದೇ ಗಿಡ ಬೇಕಾದಷ್ಟು ಪಡೆಯುತ್ತದೆ, ನೀರೂ ಉಳಿಯುತ್ತದೆ. ಆದರೆ ಆ ಅನಿಲವೇ ಗಾಳಿಯನ್ನು ಬಿಸಿಮಾಡಿ ಎಲೆಯಿಂದ ನೀರನ್ನು ಹೆಚ್ಚು ಎಳೆಯುತ್ತದೆ, ಸಾರಜನಕ, ರಂಜಕಗಳು ಸಾಲದ ಮಣ್ಣಿನಲ್ಲಿ ಗೊಬ್ಬರದ ಫಲ ಬೇಗ ನಿಲ್ಲುತ್ತದೆ.

ಹೀಗಿರುವಾಗ ಇಷ್ಟು ಸಸಿ ನೆಟ್ಟರೆ ವರ್ಷಕ್ಕೆ ಇಷ್ಟು ಟನ್ ಇಂಗಾಲ ಎಂದು ಗುಣಿಸಿ, ಮೂವತ್ತು ವರ್ಷದ ಲಾಭವನ್ನು ಇಂದೇ ಮಾರುವ ಯೋಜನೆಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಆ ಗುಣಾಕಾರದಲ್ಲಿ ಕೆಟ್ಟ ವರ್ಷಗಳಿಗೆ ಜಾಗವಿರುವುದು ಅಪರೂಪ. ಚಳ್ಳಕೆರೆಯ ಕಡೆಯ ಅಮೃತಮಹಲ್ ಕಾವಲಿನಂಥ ಒಣ ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬಗೆದು ನೆಡುತೋಪು ಮಾಡಹೊರಟವರು, ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಕುಳಿತ ಇಂಗಾಲವನ್ನು ಬಿಟ್ಟು, ಬರಕ್ಕೂ ಬೆಂಕಿಗೂ ಸುಲಭವಾಗಿ ಸಿಗುವ ಕಾಂಡದಲ್ಲಿ ಇಂಗಾಲವನ್ನು ಹುಡುಕುತ್ತಿದ್ದಾರೆ.