ಸಾಲವೂ ಪಾಪವೂ ಒಂದೇ ಏನು?

(ಉಮರ್ಗಾ, ನಿಲಂಗಾ, ಉದಗೀರ ಭಾಗದ ಕ್ರೈಸ್ತ ಕಾರ್ಮಿಕ ಬಂಧುಗಳ ಕೂಟದಲ್ಲಿ ಸಭೆಯ ಉಪದೇಶಿಯೊಬ್ಬರು ಮಾಡಿದ ಭಾಷಣ)



ಇಂದು ನಾವು ನಮ್ಮ ವಿಶ್ವಾಸದ ಒಬ್ಬ ದೊಡ್ಡ ವಿರೋಧಿಯ ಮಾತನ್ನು ವಿಚಾರ ಮಾಡಲಿದ್ದೇವೆ. ಆತನ ಹೆಸರು ಫ್ರೀಡ್ರಿಕ್ ನೀತ್ಸೆ. 1844ರಲ್ಲಿ ಜರ್ಮನಿಯ ರೋಕೆನ್ ಎಂಬ ಹಳ್ಳಿಯಲ್ಲಿ ಲೂಥರನ್ ಸಭಾಪಾಲಕರ ಮಗನಾಗಿ ಹುಟ್ಟಿದ. 24ನೆಯ ವಯಸ್ಸಿಗೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪ್ರಾಧ್ಯಾಪಕನಾದ. 1889ರಲ್ಲಿ ಬುದ್ಧಿ ಸ್ವಾಧೀನ ತಪ್ಪಿತು, 1900ರಲ್ಲಿ ತೀರಿಕೊಂಡ. ಪಾದ್ರಿಯ ಮನೆಯಲ್ಲಿ ಬೆಳೆದವನೇ ಕ್ರೈಸ್ತ ಧರ್ಮದ ಮೇಲೆ ಅತಿ ಕಟುವಾದ ಆಪಾದನೆ ಹೊರಿಸಿದ. ಅಂಥವನ ಮಾತು ನಮಗೇಕೆ ಎಂದು ನೀವು ಕೇಳಬಹುದು. ಆ ಆಪಾದನೆ ಇರುವುದೇ ನಮ್ಮಂಥ ದುಡಿಯುವ ಬಡವರ ಮೇಲೆ. ಆದುದರಿಂದ ಉತ್ತರ ಕೊಡಬೇಕಾದವರೂ ನಾವೇ.

ಆತ ಹೇಳುವುದೇನು? 1887ರಲ್ಲಿ ಪ್ರಕಟವಾದ, ನೀತಿಯ ಮೂಲವನ್ನು ಕುರಿತ ಗ್ರಂಥದಲ್ಲಿ ಆತನ ವಾದ ಹೀಗಿದೆ: ಒಳ್ಳೆಯದು, ಕೆಟ್ಟದ್ದು ಎಂಬವು ಆಕಾಶದಿಂದ ಇಳಿದು ಬಂದವಲ್ಲ, ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವಿನ ಹೋರಾಟದಲ್ಲಿ ಹುಟ್ಟಿದವು. ಒಡೆಯರು ತಮ್ಮ ಬಲವನ್ನೇ ಒಳ್ಳೆಯದೆಂದರು. ತಿರುಗಿ ನಿಲ್ಲಲಾರದ ದಾಸರು ಒಳಗೊಳಗೇ ಕುದಿದು, ತಮ್ಮ ಹೆದರಿಕೆಗೆ ದೀನತೆ ಎಂದೂ, ಕೈಲಾಗದಿರುವುದಕ್ಕೆ ತಾಳ್ಮೆ ಎಂದೂ ಹೆಸರಿಟ್ಟರು. ಈ ದಾಸರ ನೀತಿಯೇ ಕ್ರೈಸ್ತರ ನೀತಿ ಎಂದು ಆತನ ತೀರ್ಪು.

ಅದೇ ಗ್ರಂಥದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜರ್ಮನ್ ಭಾಷೆಯಲ್ಲಿ ಅಪರಾಧಕ್ಕೂ ಸಾಲಕ್ಕೂ ಒಂದೇ ಮೂಲದ ಶಬ್ದ. ನಾನು ತಪ್ಪಿತಸ್ಥ ಎಂದು ಮನಸ್ಸು ಕೊರೆಯುವುದು ಮೊದಲು ಹುಟ್ಟಿದ್ದು ಸಾಲಗಾರನ ಎದೆಯಲ್ಲಿ ಎನ್ನುತ್ತಾನೆ ನೀತ್ಸೆ. ಸಾಲ ಕೊಟ್ಟವನು ಹಣಕ್ಕೆ ಬದಲಾಗಿ ಸಾಲಗಾರನ ಮೈಮೇಲೂ ಅಧಿಕಾರ ನಡೆಸುತ್ತಿದ್ದ ಕಾಲವನ್ನು ಆತ ನೆನಪಿಸುತ್ತಾನೆ.

ಇದು ಬರಿಯ ಜರ್ಮನಿಯ ಕಥೆಯಲ್ಲವೆಂದು ನಮಗೆ ಗೊತ್ತು. ಮರಾಠವಾಡದಲ್ಲಿ ದಸರೆ ಕಳೆಯುತ್ತಲೇ ಕಬ್ಬು ಕಡಿಯುವವರ ಟೋಳಿಗಳು ಹೊರಡುತ್ತವೆ. ಹೊರಡುವ ಮೊದಲೇ ಮುಕಾದಮನಿಂದ ಉಚಲ್, ಅಂದರೆ ಮುಂಗಡ, ಪಡೆದಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದೇ ಕೊಯ್ತಾ. ಮನುಷ್ಯರ ಹೆಸರು ಹೋಗಿ ಕತ್ತಿಯ ಹೆಸರು ನಿಲ್ಲುತ್ತದೆ. ಹಂಗಾಮು ಮುಗಿದರೂ ಸಾಲ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಮನೆಯಲ್ಲಿ ಕನ್ನಡ, ಕರಾರು ಮಾತ್ರ ಮರಾಠಿಯಲ್ಲಿ. ಓದು ಬಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಕೂಲಿಯ ಲೆಕ್ಕ ಕೇಳಿರಪ್ಪಾ ಎಂದು ಸಂಘದವರು ಹೇಳಿದರೆ ಬರುವ ಉತ್ತರವೇನು? “ಅವರ ದುಡ್ಡು ತಿಂದೇವ್ರೀ, ಹ್ಯಾಂಗ ಕೇಳೂದು? ಪಾಪ ಬರ್ತದ.”

ನೋಡಿರಿ! ತೂಕದಲ್ಲಿ ಮೋಸ ಮಾಡಿದವನಿಗೆ ಪಾಪದ ಭಯವಿಲ್ಲ. ಲೆಕ್ಕ ಕೇಳಬೇಕಾದವನಿಗೆ ಇದೆ. ಇಲ್ಲಿ ನೀತ್ಸೆ ನಮ್ಮ ನಾಡಿಯನ್ನೇ ಹಿಡಿದಿದ್ದಾನೆ. ಸಭೆಯಲ್ಲಿ ನಾವು ದೀನತೆಯನ್ನು ಬೋಧಿಸುವಾಗ, ಕೇಳುವವರ ಕಿವಿಗೆ ಅದು ಮುಕಾದಮನ ಮಾತಿನಂತೆ ಬೀಳುತ್ತಿದ್ದರೆ ಆ ಬೋಧನೆಯನ್ನು ಪರೀಕ್ಷಿಸಲೇಬೇಕು.

ಆದರೆ ಸತ್ಯವೇದದ ದೀನತೆ ಹೆದರಿಕೆಯೇ? ಭೂಮಿಯ ಮೇಲಿದ್ದವರೆಲ್ಲರಿಗಿಂತ ಸಾತ್ವಿಕನೆಂದು ಅರಣ್ಯಕಾಂಡವು ಹೇಳುವುದು ಮೋಶೆಯನ್ನು. ಆ ಸಾತ್ವಿಕನೇ ಫರೋಹನ ಮುಂದೆ ನಿಂತು ತನ್ನ ಜನರ ಬಿಡುಗಡೆ ಕೇಳಿದವನು. ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಬೇಕೆಂದು, ಕೇಳಿದರೆ ಮೈಗಳ್ಳರೆಂದು ಜರೆದ ಫರೋಹನನ್ನು ಇಟ್ಟಿಗೆ ಭಟ್ಟಿಯಲ್ಲಿ ದುಡಿದವರಿಗೆ ನಾವು ಪರಿಚಯಿಸಬೇಕಾಗಿಲ್ಲ. ಮಹಾಯಾಜಕನ ಮುಂದೆ ಸೇವಕನೊಬ್ಬನು ಕೆನ್ನೆಗೆ ಹೊಡೆದಾಗ ಯೇಸು ಸ್ವಾಮಿ ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ಏಕೆ ಹೊಡೆದೆ ಎಂದು ಕಾರಣ ಕೇಳಿದರು. ದ್ವೇಷವಿಲ್ಲದೆ, ಭಯವಿಲ್ಲದೆ ಕಾರಣ ಕೇಳುವುದೇ ದೀನತೆ.

ಸಾಲದ ಮಾತಿಗೂ ಸತ್ಯವೇದದಲ್ಲಿ ಉತ್ತರವಿದೆ. ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕೆಂದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಮತ್ತಾಯನು ಬರೆದ ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುವ ಕಡೆ ಇರುವ ಗ್ರೀಕ್ ಶಬ್ದದ ನೇರ ಅರ್ಥವೇ ಸಾಲ. ನಮ್ಮ ದೇವರು ಸಾಲ ಬಿಡಿಸುವವನು, ಸಾಲದ ಪುಸ್ತಕ ಕಾಯುವ ಗುಮಾಸ್ತನಲ್ಲ.

ಸ್ವಾತಂತ್ರ್ಯದ ವಿಷಯದಲ್ಲಿ ನೀತ್ಸೆ ಒಂದು ಒಳ್ಳೆಯ ಮಾತು ಹೇಳಿದ್ದಾನೆ. ತನ್ನ ಮೇಲೆ ತಾನು ಒಡೆತನ ಸಾಧಿಸಿದ, ಮಾತು ಕೊಡುವ ಅಧಿಕಾರವುಳ್ಳ ಮನುಷ್ಯನೇ ಸ್ವತಂತ್ರ ಎಂಬುದು ಅದರ ಸಾರ. ನಮ್ಮವರೂ ಮಾತಿಗೆ ಬೆಲೆ ಕೊಡುವವರೇ. ಆದರೆ ಒಲ್ಲೆ ಎನ್ನುವ ದಾರಿ ಇದ್ದವನು ಕೊಟ್ಟದ್ದು ಮಾತು. ಮಗಳ ಆಸ್ಪತ್ರೆ ಖರ್ಚಿಗಾಗಿ, ಓದಲಾರದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ಅಂಥ ಮಾತೇ?

ಹಾಗಾದರೆ ನೀತ್ಸೆ ತಪ್ಪಿದ್ದೆಲ್ಲಿ? ಈ ಸ್ವಾತಂತ್ರ್ಯವನ್ನು ಆತ ಕೆಲವರಿಗೆ ಮಾತ್ರ ಮೀಸಲಿಟ್ಟ. ಮನುಸ್ಮೃತಿಯನ್ನು ಫ್ರೆಂಚ್ ಅನುವಾದದಲ್ಲಿ ಓದಿ, ಸತ್ಯವೇದಕ್ಕಿಂತ ಮೇಲೆಂದು ಮೆಚ್ಚಿದ. ಅದನ್ನು ಮೈಮೇಲೆ ಅನುಭವಿಸಿದವರ ಪರವಾಗಿ ಉತ್ತರ ಕೊಟ್ಟವರು ಡಾ. ಬಾಬಾಸಾಹೇಬ ಅಂಬೇಡ್ಕರರು. ನೀತ್ಸೆಯ ಮಹಾಮಾನವನಾದರೂ ಯೋಗ್ಯತೆಯಿಂದ ದೊಡ್ಡವನು. ಮನುವಿನ ದೊಡ್ಡವನು ಹುಟ್ಟಿನಿಂದ ಮಾತ್ರ ದೊಡ್ಡವನು ಎಂದು ಇಬ್ಬರನ್ನೂ ತೂಗಿ ತೋರಿಸಿದರು. 1927ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು.

ಕೆಳಗಿನವರ ನೀತಿ ಹೊಟ್ಟೆಯುರಿಯಿಂದ ಹುಟ್ಟಿದ್ದೆಂಬುದಕ್ಕೆ ನಮ್ಮ ನೆರೆಯ ಬಸವಕಲ್ಯಾಣವೇ ಉತ್ತರ. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು, ಬ್ರಾಹ್ಮಣ ಕುಲದಲ್ಲಿ ಹುಟ್ಟಿಯೂ, ಚಮ್ಮಾರ ಹರಳಯ್ಯನಂಥವರ ಸಂಗಡ ಸಮನಾಗಿ ಕುಳಿತರು. ಮೇಲಿದ್ದವರೇ ಇಳಿದು ಬಂದಲ್ಲಿ ಹೊಟ್ಟೆಯುರಿಯ ಮಾತೆಲ್ಲಿ? ಅವರೆಲ್ಲರೂ ಕಾಯಕವನ್ನು ಎತ್ತಿ ಹಿಡಿದದ್ದು ಪ್ರೀತಿಯಿಂದ. ದೇವಕುಮಾರನು ದಾಸನ ರೂಪ ಧರಿಸಿದನೆಂದು ನಂಬುವ ನಮಗೆ ಇದು ಅರ್ಥವಾಗದ ಮಾತಲ್ಲ.

ಅಧಿಕಾರ ನಮ್ಮನ್ನು ಕೇಳದೆ ನಡೆದದ್ದು ಇದೇ ಮೊದಲಲ್ಲ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ನಾವು ಇದ್ದಲ್ಲೇ ಇದ್ದೆವು. ಆದರೆ ಗಡಿಯ ಎರಡೂ ಕಡೆ ಒಂದೇ ಆಗಿರುವ ಕಾನೂನಿದೆ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ಪ್ರಕಾರ ಜೀತದ ಸಾಲ ತೀರಿಸುವ ಹೊಣೆಯೇ ಇಲ್ಲ. ಎಲ್ಲ ಮುಂಗಡವೂ ಜೀತವಲ್ಲ, ನಿಜ; ಮುಂಗಡದ ಕಾರಣದಿಂದ ಬೇರೆ ಕಡೆ ದುಡಿಯುವ ಅಥವಾ ಬಿಟ್ಟು ಹೋಗುವ ಹಕ್ಕನ್ನು ಕಸಿದರೆ ಅದು ಜೀತ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ, ಹಸಿವೆಯ ಒತ್ತಾಯವೂ ಒತ್ತಾಯವೇ ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಹೇಳಿದೆ. ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿಗಳಿಗೆ.

ಆದುದರಿಂದ ಬಂಧುಗಳೇ, ಮೂರು ಕೆಲಸಗಳನ್ನು ಮಾಡೋಣ. ಉಚಲ್ ಪಡೆಯುವ ದಿನ ಓದುಬಲ್ಲವರೊಬ್ಬರು ಜೊತೆಗಿರಲಿ. ಕಡಿದ ಟನ್ನಿನ ಲೆಕ್ಕವನ್ನು ನಮ್ಮ ವಹಿಯಲ್ಲಿ ನಾವೇ ಬರೆದಿಡೋಣ. ಲೆಕ್ಕ ಕೇಳಲು ಒಬ್ಬೊಬ್ಬರಾಗಿ ಹೋಗದೆ, ಟೋಳಿಯ ಹೆಂಗಸರನ್ನೂ ಕೂಡಿಸಿಕೊಂಡು ಹೋಗೋಣ. ನೀತ್ಸೆ ಶಕ್ತಿಯನ್ನು ಒಂಟಿ ಮನುಷ್ಯನಲ್ಲಿ ಹುಡುಕಿದ. ಕರ್ತನು ತನ್ನ ಸಾನ್ನಿಧ್ಯವನ್ನು ವಾಗ್ದಾನ ಮಾಡಿದ್ದು ಇಬ್ಬರು ಮೂವರು ಕೂಡಿದ ಕಡೆ.

ಸಾಲವಿರುವುದು ಪಾಪವಲ್ಲ. ಲೆಕ್ಕ ಕೇಳುವುದೂ ಪಾಪವಲ್ಲ. ಹೆದರಿಕೆಗೆ ದೀನತೆಯೆಂಬ ಪವಿತ್ರ ಹೆಸರಿಡುವುದನ್ನು ಇಂದೇ ಬಿಡೋಣ. ಅದಕ್ಕೆ ಬೇಕಾದ ಧೈರ್ಯವನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ.